ಭಾನುವಾರದ ಲೀಗ್ ಇದ್ದ ಊರಿನಲ್ಲಿ ಶನಿವಾರದ ಲೀಗ್

ಕೋವಿಡ್ ಕಳೆದು ಶಾಲೆಗಳು ಪೂರ್ತಿಯಾಗಿ ತೆರೆದ ವರ್ಷ ನಾನು ಕಾಮಾಕ್ಷಿಪಾಳ್ಯದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿಯಾಗಿದ್ದೆ. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ವಾರದ ಆರು ದಿನ ಶಾಲೆ, ಏಳನೆಯ ದಿನ ಸಾಫ್ಟ್‌ಬಾಲ್. ರಾಜಾಜಿನಗರದ ಮೈದಾನವೊಂದರಲ್ಲಿ ಪ್ರತಿ ಭಾನುವಾರ ನಡೆಯುತ್ತಿದ್ದ ಬಾಲಕಿಯರ ಲೀಗಿಗೆ ನಾನು ಹನ್ನೊಂದು ವರ್ಷಗಳಿಂದ ಅಂಪೈರ್. ಆಟಗಾರ್ತಿಯರನ್ನು ಆರಿಸುವ ಸಮಿತಿಯಲ್ಲೂ ಇದ್ದೆ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಸಾಫ್ಟ್‌ಬಾಲ್ ಎಂದರೆ ಮೆತ್ತಗಿನ ಚೆಂಡು ಎಂದುಕೊಂಡವರು ಒಂದು ಸಲ ಕೈಗೆ ಬಡಿಸಿಕೊಂಡರೆ ಸಾಕು, ಮತ್ತೆ ಹಾಗೆ ಹೇಳುವುದಿಲ್ಲ. ಕ್ರಿಕೆಟ್ ಚೆಂಡಿಗಿಂತ ದಪ್ಪ, ಹೆಚ್ಚು ಕಡಿಮೆ ಅಷ್ಟೇ ಗಟ್ಟಿ. ಪಿಚರ್, ಅಂದರೆ ಚೆಂಡು ಎಸೆಯುವವಳು, ತೋಳನ್ನು ರಾಟೆಯ ಹಾಗೆ ಒಂದು ಸುತ್ತು ತಿರುಗಿಸಿ ಸೊಂಟದ ಕೆಳಗಿನಿಂದ ಬಿಡುತ್ತಾಳೆ. ಹೊಡೆದವಳು ಮೂರು ಬೇಸ್, ಅಂದರೆ ಮೂಲೆಗಳಲ್ಲಿಟ್ಟ ಮೆತ್ತೆಗಳನ್ನು ದಾಟಿ, ಹೊರಟ ಜಾಗವಾದ ಪ್ಲೇಟಿಗೆ ಮರಳಿದರೆ ಒಂದು ರನ್.

ಆ ಲೀಗನ್ನು ಕಟ್ಟಿದವರು ರುದ್ರಪ್ಪ ಸಾರ್. ದಾವಣಗೆರೆ ಕಡೆಯಿಂದ ಬಂದು ಬಸವೇಶ್ವರನಗರದಲ್ಲಿ ನೆಲೆಸಿದ ನಿವೃತ್ತ ಉಪನ್ಯಾಸಕರು. ಹದಿನೈದನೇ ವಯಸ್ಸಿನಲ್ಲಿ ನನ್ನ ಕೈಗೆ ಬ್ಯಾಟ್ ಕೊಟ್ಟವರೂ ಅವರೇ. ಅವರ ಎದುರು ನಾನು ಕುರ್ಚಿಯಲ್ಲಿ ಕೂತು ಮಾತಾಡಿದವಳಲ್ಲ.

ಆ ಜೂನ್‌ನಲ್ಲಿ ಆಯ್ಕೆ ನಡೆಯಿತು. ಇದ್ದ ಜಾಗ ಹನ್ನೆರಡು, ಬಂದ ಹುಡುಗಿಯರು ಐವತ್ತೊಂದು. ನಾವು ಹನ್ನೆರಡು ಹೆಸರು ಓದಿದೆವು, ಉಳಿದವರು ಚೀಲ ಎತ್ತಿಕೊಂಡು ಹೊರಟರು. ಪ್ರತಿವರ್ಷ ನಡೆಯುವುದೂ ಅದೇ. ಆದರೆ ಆ ಸಲ ಲಗ್ಗೆರೆಯ ಭಾಗ್ಯ ಎಂಬ ಹುಡುಗಿ ಹೋಗಲಿಲ್ಲ. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ತಾಯಿಯ ಮಗಳು, ಎಂಟನೇ ಕ್ಲಾಸು. ನಾನು ಕಾಗದ ಮಡಚುವವರೆಗೂ ಕಾದು ನಿಂತಿದ್ದಳು.

"ಮಿಸ್, ಬ್ಯಾಟ್ ಹಿಡಿಯೋಕೆ ಬರಲ್ಲ ಅಂತ ಬೇಡ ಅಂದ್ರಿ. ಸರಿ. ಎಲ್ಲಿಗೆ ಹೋಗಿ ಕಲೀಬೇಕು? ಅದನ್ನಾದ್ರೂ ಹೇಳಿ."

ಪಶ್ಚಿಮ ಬೆಂಗಳೂರಿನ ಆ ಭಾಗದಲ್ಲಿ ನನಗೆ ತಿಳಿದಂತೆ ಸಾಫ್ಟ್‌ಬಾಲ್ ಕಲಿಯಲು ಬೇರೆ ಜಾಗ ಇರಲಿಲ್ಲ. "ಮುಂದಿನ ವರ್ಷ ಬಾಮ್ಮ" ಎಂದೆ. ಅವಳು ತಲೆಯಾಡಿಸಿ ಹೋದಳು. ಬಸ್ಸಿನಲ್ಲಿ ಕೂತ ಮೇಲೆ ನಾನು ಹೇಳಿದ್ದು ಎಷ್ಟು ಪೊಳ್ಳು ಎಂದು ಅರಿವಾಯಿತು. ಒಂದು ವರ್ಷ ಕಾದ ಮಾತ್ರಕ್ಕೆ ಬ್ಯಾಟ್ ಹಿಡಿಯಲು ಬರುತ್ತದೆಯೇ?

ಆ ವಾರವೇ ರುದ್ರಪ್ಪ ಸಾರ್ ಮನೆಗೆ ಹೋದೆ. ಆಯ್ಕೆಯಾಗದವರಿಗಾಗಿಯೇ ಇನ್ನೊಂದು ಲೀಗ್ ಮಾಡೋಣ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಲೀಗ್ ಅಂದ್ರೆ ಪಾಠಶಾಲೆ ಅಲ್ಲವ್ವ ಗಿರಿಜಾ. ನಮ್ಮೂರಾಗೆ ಕಬಡ್ಡಿ ಸಂಘ ಎರಡಾಯ್ತು. ಮೂರೇ ವರ್ಷ, ಎರಡೂ ಸತ್ವು. ಇರೋದು ಒಂದು ಗ್ರೌಂಡು, ಐದು ಜನ ಅಂಪೈರ್‌ಗಳು. ಅದನ್ನ ಸೀಳಬೇಡ."

ಅವರ ಭಯ ಸುಳ್ಳಾಗಿರಲಿಲ್ಲ. ಅದಕ್ಕೇ ನಾನು ಮೂರು ಮಾತು ಕೊಟ್ಟೆ: ನಮ್ಮ ಆಟ ಶನಿವಾರ ಮಾತ್ರ, ಮೈದಾನ ಬೇರೆ, ನೀವು ಆರಿಸಿಕೊಂಡ ಒಬ್ಬ ಹುಡುಗಿಯನ್ನೂ ನಾವು ಕರೆಯುವುದಿಲ್ಲ. ಆದರೂ ವಿಷಯ ಲೀಗಿನ ಆಡಳಿತ ಸಮಿತಿಗೆ ಹೋಯಿತು, ಅದರಲ್ಲಿ ನನಗೆ ಮತವಿರಲಿಲ್ಲ. ಅಲ್ಲಿ ಬಂದ ನಿರ್ಣಯ ಇಷ್ಟು: ಬೇರೆ ಲೀಗಿನಲ್ಲಿ ಆಡುವವರಿಗೆ ಈ ಲೀಗಿನಲ್ಲಿ ಜಾಗವಿಲ್ಲ, ಬೇರೆ ಲೀಗ್ ನಡೆಸುವವರು ಇಲ್ಲಿ ಅಂಪೈರ್ ಆಗಿರುವಂತಿಲ್ಲ. ಏಳು ಜನರಲ್ಲಿ ಆರು ಕೈ ಮೇಲೆದ್ದವು. ಕೈ ಎತ್ತದವರು ರುದ್ರಪ್ಪ ಸಾರ್ ಒಬ್ಬರೇ. ಆದರೆ ಅಧ್ಯಕ್ಷರು ಅವರಾದ್ದರಿಂದ ನಿರ್ಣಯವನ್ನು ಓದಿದವರೂ ಅವರೇ. ಓದುವಾಗ ನನ್ನ ಕಡೆ ನೋಡಲಿಲ್ಲ.

ಮುಂದಿನ ಭಾನುವಾರ ರೂಢಿಯಂತೆ ಬೆಳಿಗ್ಗೆ ಐದಕ್ಕೇ ಎಚ್ಚರವಾಯಿತು. ಹೋಗಲು ಜಾಗವಿರಲಿಲ್ಲ. ಕೋವಿಡ್ ಕಾಲ ಬಿಟ್ಟರೆ, ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಭಾನುವಾರ ಮನೆಯಲ್ಲಿ ಕೂತು ಕಾಫಿ ಕುಡಿದೆ, ರುಚಿಸಲಿಲ್ಲ. ಹತ್ತು ಗಂಟೆಗೆ ಎದ್ದು ಆಯ್ಕೆಯಾಗದ ಮೂವತ್ತೊಂಬತ್ತು ಹುಡುಗಿಯರ ಅರ್ಜಿಗಳನ್ನು ಹರಡಿಕೊಂಡು ಒಬ್ಬೊಬ್ಬರ ಮನೆಗೇ ಫೋನ್ ಮಾಡತೊಡಗಿದೆ.

ಮೂವತ್ತನಾಲ್ಕು ಜನ ಬರುತ್ತೇವೆ ಎಂದರು. ಅವರ ಗೆಳತಿಯರೂ ಸೇರಿ ಐವತ್ತಾರಾದರು. ಲಗ್ಗೆರೆ, ಹೆಗ್ಗನಹಳ್ಳಿ, ಸುಂಕದಕಟ್ಟೆ, ಕಾಮಾಕ್ಷಿಪಾಳ್ಯ ಎಂದು ಹದಿನಾಲ್ಕು ಜನರ ನಾಲ್ಕು ತಂಡ ಮಾಡಿದೆ. ಶನಿವಾರ ಶಾಲೆ ಅರ್ಧ ದಿನ, ಹಾಗಾಗಿ ಆಟ ಮಧ್ಯಾಹ್ನ ಎರಡೂವರೆಗೆ. ಇನ್ನು ಬೇಕಾದದ್ದು ಮೈದಾನ.

ಲಗ್ಗೆರೆಯಲ್ಲಿ ಒಂದು ಖಾಲಿ ಮೈದಾನವಿತ್ತು, ಆದರೆ ಅದು ಅಲ್ಲಿನ ಕ್ರಿಕೆಟ್ ಹುಡುಗರ ಅಡ್ಡೆ. ನಾವು ಹೋಗಿ ನಿಂತಾಗ ಅವರ ಕ್ಯಾಪ್ಟನ್, ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಎತ್ತರದ ಯುವಕ, ನಕ್ಕ.

"ಏನ್ ಆಂಟಿ, ಹುಡ್ಗೀರ ಆಟಕ್ಕೆ ಇಷ್ಟು ದೊಡ್ಡ ಗ್ರೌಂಡ್ ಬೇಕಾ?"

"ಮೂರು ಬಾಲ್ ಹಾಕಿಸ್ತೀನಿ. ಒಂದನ್ನ ಮುಟ್ಟಿದ್ರೂ ನಾವು ವಾಪಸ್ ಹೋಗ್ತೀವಿ" ಎಂದೆ.

ಕಾಮಾಕ್ಷಿಪಾಳ್ಯದ ಅಶ್ವಿನಿಯನ್ನು ಮುಂದೆ ಬಿಟ್ಟೆ. ಗಿಡ್ಡ ಹುಡುಗಿ, ಒಂಬತ್ತನೇ ಕ್ಲಾಸು. ಬ್ಯಾಟಿಂಗ್ ಸಾಲದು ಎಂದು ನಾವೇ ಅವಳನ್ನು ಕೈಬಿಟ್ಟಿದ್ದೆವು. ಎಸೆತ ನೋಡುವಷ್ಟು ಹೊತ್ತು ನಮಗೆ ಇರಲಿಲ್ಲ. ಆಮೇಲೆ ಶಾಲೆಯ ಅಂಗಳದಲ್ಲಿ ಎರಡು ವಾರ ತೋಳು ತಿರುಗಿಸುವುದನ್ನು ಹೇಳಿಕೊಟ್ಟಾಗ, ಅವಳ ಚೆಂಡು ನನ್ನ ಗ್ಲೌಸಿನೊಳಗಿದ್ದ ಅಂಗೈಯನ್ನೇ ಕೆಂಪಾಗಿಸಿತ್ತು. ಕ್ಯಾಪ್ಟನ್ ಮೂರು ಸಲ ಬ್ಯಾಟ್ ಬೀಸಿದ, ಮೂರೂ ಸಲ ಗಾಳಿಗೆ. ಹಿಂದಿನಿಂದ ಅವನ ಗೆಳೆಯರು "ಲೋ ಮಗಾ, ಬಾಲ್ ಕಾಣಿಸ್ತೇನೋ?" ಎಂದು ಕೂಗಿದರು. ಅವನು ಬ್ಯಾಟನ್ನು ಅಶ್ವಿನಿಯ ಕೈಗೇ ಕೊಟ್ಟು, "ಶನಿವಾರ ಎರಡೂವರೆಯಿಂದ ಐದೂವರೆ ನಿಮ್ದು ಸಿಸ್ಟರ್" ಎಂದ. ಮಾತಿಗೆ ತಪ್ಪಲಿಲ್ಲ. ಗೆರೆ ಎಳೆಯಲು ಸುಣ್ಣದ ಪುಡಿಯನ್ನೂ ಅವರೇ ತಂದುಕೊಟ್ಟರು.

ಶಾಲೆಯ ಕೋಣೆಯಲ್ಲಿದ್ದ ಹಳೆಯ ಗ್ಲೌಸು ಹನ್ನೊಂದು. ಒಂದು ಸಲಕ್ಕೆ ಫೀಲ್ಡಿಂಗಿಗೆ ಇಳಿಯುವುದು ತಂಡದ ಒಂಬತ್ತು ಜನ, ಎರಡು ತಂಡಕ್ಕೆ ಹದಿನೆಂಟು ಬೇಕು. ಫೀಲ್ಡಿಂಗ್ ಮುಗಿಸಿದವರು ತಾವು ನಿಂತ ಜಾಗದಲ್ಲೇ ಗ್ಲೌಸ್ ಬಿಟ್ಟು ಬರಬೇಕು, ಎದುರು ತಂಡದವರು ಅದನ್ನೇ ಹಾಕಿಕೊಳ್ಳಬೇಕು ಎಂದು ನಿಯಮ ಮಾಡಿದೆ. ಅಶ್ವಿನಿಯ ತಂದೆಗೆ ಆಟೋ ಸೀಟು ಹೊಲಿಯುವ ಅಂಗಡಿಯಿತ್ತು. ಅವರು ರೆಕ್ಸಿನ್‌ನಲ್ಲಿ ಸ್ಪಂಜು ತುಂಬಿ ಬೇಸ್‌ಗಳನ್ನು ಹೊಲಿದುಕೊಟ್ಟರು. ಆಟದಲ್ಲಿ ಬೇಸ್ ಬಿಳಿಯಿರಬೇಕು, ನಮ್ಮವು ಕಡುಗೆಂಪು, ಅಂಚಿಗೆ ಹಳದಿ ಪೈಪಿಂಗ್. ಅಷ್ಟು ಚೆಂದದ ಬೇಸ್‌ಗಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮ ಲೀಗಿಗೆ ಒಂದೇ ದೊಡ್ಡ ನಿಯಮ. ಬಂದ ಹದಿನಾಲ್ಕು ಜನರೂ ಸರದಿಯಂತೆ ಬ್ಯಾಟ್ ಮಾಡಬೇಕು, ಪಂದ್ಯದ ಏಳು ಇನಿಂಗ್ಸಿನಲ್ಲಿ ಪ್ರತಿಯೊಬ್ಬರೂ ಕನಿಷ್ಠ ಮೂರರಲ್ಲಿ ಫೀಲ್ಡಿಂಗಿಗೆ ನಿಲ್ಲಬೇಕು. ಪಂದ್ಯ ಮುಗಿಯುವವರೆಗೂ ಬೆಂಚಿನಲ್ಲೇ ಕೂರುವುದು ಎಂಬುದೇ ಇಲ್ಲ. ಮೊದಲ ಪಂದ್ಯದ ಸ್ಕೋರ್ 31–27. ಅದರಲ್ಲಿ ಹೊಡೆದು ಬಂದ ರನ್‌ಗಳಿಗಿಂತ ಎತ್ತೆತ್ತಲೋ ಎಸೆದು ಕೊಟ್ಟ ರನ್‌ಗಳೇ ಹೆಚ್ಚು. ನಾನು ನಗಬಾರದೆಂದು ತುಟಿ ಕಚ್ಚಿಕೊಂಡು ನಿಂತಿದ್ದೆ. ಹತ್ತನೆಯ ಶನಿವಾರದ ಹೊತ್ತಿಗೆ ಸ್ಕೋರ್ 6–4ಕ್ಕೆ ಇಳಿದಿತ್ತು. ಆಟ ಕಲಿತಿದ್ದಾರೆ ಎನ್ನಲು ಬೇರೆ ಸಾಕ್ಷಿ ಬೇಕಿರಲಿಲ್ಲ.

ಭಾಗ್ಯ ಮಾತ್ರ ಒಂದು ಚೆಂಡನ್ನೂ ಸರಿಯಾಗಿ ಹೊಡೆದಿರಲಿಲ್ಲ. ಆದರೆ ಒಂದು ವಾರವೂ ತಪ್ಪಿಸಲಿಲ್ಲ. ತನ್ನ ಸರದಿ ಇಲ್ಲದಾಗ, ಬ್ಯಾಟ್ ಮಾಡುವವಳ ಬೆನ್ನ ಹಿಂದೆ ಕಟ್ಟಿದ ಬಲೆಯ ಆಚೆ ಕೂತು ಬೀಳುವ ಪ್ರತಿ ಚೆಂಡನ್ನೂ ನೋಡುತ್ತಿದ್ದಳು.

ಹನ್ನೊಂದನೆಯ ಶನಿವಾರ ಗೇಟಿನ ಬಳಿ ಬಿಳಿ ಟೋಪಿ ಕಾಣಿಸಿತು. ರುದ್ರಪ್ಪ ಸಾರ್. ಎರಡು ಬಸ್ ಬದಲಿಸಿ ಬಂದಿದ್ದರು. ನಾನು ಓಡಿಹೋಗಿ ಕುರ್ಚಿ ಹಾಕಿಸಿದೆ, ಕೂರಲಿಲ್ಲ. ಏಳೂ ಇನಿಂಗ್ಸ್ ನಿಂತೇ ನೋಡಿದರು. ಪಂದ್ಯ ಮುಗಿದ ಮೇಲೆ ಅಶ್ವಿನಿಯನ್ನು ಕರೆದರು.

"ನಮ್ಮ ಲೀಗಿಗೆ ಬರ್ತೀಯೇನವ್ವ?"

ಅವಳು ನನ್ನತ್ತ ನೋಡಿದಳು. ನಾನು ಬೇಕೆಂದೇ ಬೇರೆ ಕಡೆ ನೋಡಿದೆ. ನಿರ್ಧಾರ ಅವಳದು.

"ಬರ್ತೀನಿ ಸಾರ್. ಆದ್ರೆ ಶನಿವಾರ ಇಲ್ಲೇ ಆಡ್ತೀನಿ. ಇವ್ರನ್ನ ಬಿಟ್ಟು ಬರೋಕಾಗಲ್ಲ."

ಅವರು ಟೋಪಿ ಸರಿಮಾಡಿಕೊಂಡು ಬಸ್ ಸ್ಟಾಪಿನ ಕಡೆ ಹೊರಟುಬಿಟ್ಟರು. ಹೋಯಿತು, ಒಳ್ಳೆಯ ಅವಕಾಶವನ್ನು ಹುಡುಗಿ ಕಳೆದುಕೊಂಡಳು ಎಂದು ಎರಡು ವಾರ ಕೊರಗಿದೆ. ಆಮೇಲೆ ಅವರ ಫೋನ್ ಬಂತು.

"ಆ ನಿಯಮ ತೆಗೆಸೀನಿ. ಎರಡೂ ಕಡೆ ಆಡ್ಲಿ. ನಮ್ಮ ಸಮಿತಿಯೋರು ಮಾತ್ರ ಒಂದು ಕೇಳ್ತಾರ. ನಮ್ಮ ಚಾಂಪಿಯನ್ ಟೀಮ್ ಜೊತೆ ನಿನ್ನ ಹುಡುಗೀರು ಒಂದು ಮ್ಯಾಚ್ ಆಡ್ಬೇಕು. ನಿನ್ನ ಲೀಗ್ ಲೀಗೋ ಅಲ್ವೋ ಅಲ್ಲೇ ಗೊತ್ತಾಗ್ಲಿ ಅಂತ."

"ಆಡ್ತೀವಿ ಸಾರ್. ನಮ್ಮ ಕಡೆ ಹದಿನಾಲ್ಕೂ ಜನ ಬ್ಯಾಟ್ ಮಾಡ್ತಾರೆ. ಅಂಪೈರ್ ನೀವೇ ಆಗ್ಬೇಕು."

"ನಾನು ಎದುರು ಪಾರ್ಟಿ ಅಲ್ಲೇನವ್ವ?"

"ಪ್ಲೇಟ್ ಹಿಂದೆ ನಿಂತ ಮೇಲೆ ನೀವು ಯಾರ ಪಾರ್ಟೀನೂ ಅಲ್ಲ. ನನಗೆ ಕಲಿಸಿದ್ದು ನೀವೇ."

ಐವತ್ತಾರು ಜನರಲ್ಲಿ ಹದಿನಾಲ್ಕು ಜನರನ್ನು ಹೇಗೆ ಆರಿಸುವುದು? ಮತ್ತೆ ಆಯ್ಕೆ ಮಾಡಲು ನನಗೆ ಮನಸ್ಸಾಗಲಿಲ್ಲ. ಪಿಚಿಂಗ್ ಬರುವ ಇಬ್ಬರನ್ನು ಬಿಟ್ಟು ಉಳಿದವರಿಗೆ ಚೀಟಿ ಎತ್ತೋಣ ಎಂದು ಹುಡುಗಿಯರೇ ತೀರ್ಮಾನಿಸಿದರು. ಕೊನೆಯ ಚೀಟಿಯಲ್ಲಿ ಭಾಗ್ಯಳ ಹೆಸರು ಬಂತು. ಅವಳ ಮುಖ ಬಿಳಿಚಿತು.

"ಬೇರೆಯವರನ್ನ ಹಾಕಿ ಮಿಸ್. ಸೋತ್ರೆ ನನ್ನಿಂದ್ಲೇ ಅಂತಾರೆ."

"ಚೀಟಿ ಬಂದಿದೆ ಕಣೇ. ಸುಮ್ನೆ ಶೂ ಪಾಲಿಶ್ ಮಾಡ್ಕೊಂಡ್ ಬಾ" ಎಂದಳು ಅಶ್ವಿನಿ.

ಪಂದ್ಯ ರಾಜಾಜಿನಗರದ ಮೈದಾನದಲ್ಲಿ, ಭಾನುವಾರ. ಶನಿವಾರ ಸಂಜೆಯವರೆಗೂ ಹೊಲಿಗೆ ಯಂತ್ರದ ಮುಂದಿರುತ್ತಿದ್ದ ತಾಯಂದಿರು ಅವತ್ತು ಮೊದಲ ಬಾರಿಗೆ ಮಕ್ಕಳ ಆಟ ನೋಡಲು ಬಂದಿದ್ದರು. ಎದುರು ತಂಡ ನಿಜಕ್ಕೂ ಬಲವಾಗಿತ್ತು. ಮೂರನೇ ಇನಿಂಗ್ಸಿಗೆ ನಾವು 1–5ರಿಂದ ಹಿಂದಿದ್ದೆವು. ಅಲ್ಲಿಂದ ಅಶ್ವಿನಿ ಒಂದು ರನ್ನೂ ಕೊಡಲಿಲ್ಲ. ನಾವು ಒಂದೊಂದಾಗಿ ಕೂಡಿಸುತ್ತ ಬಂದು, ಏಳನೆಯ ಹಾಗೂ ಕೊನೆಯ ಇನಿಂಗ್ಸಿನಲ್ಲಿ, ಎದುರು ತಂಡದ ಬ್ಯಾಟಿಂಗ್ ಮುಗಿದ ಮೇಲೆ, 5–5 ಮಾಡಿದೆವು. ಮೂರು ಬೇಸ್‌ಗಳಲ್ಲೂ ನಮ್ಮವರು. ಮೂರನೆಯದರಲ್ಲಿ ಅಶ್ವಿನಿ. ಆದರೆ ಎರಡು ಔಟ್ ಆಗಿತ್ತು, ಮೂರನೆಯದಾದರೆ ಇನಿಂಗ್ಸ್ ಮುಗಿಯುತ್ತದೆ. ಮುಂದಿನ ಸರದಿ ಭಾಗ್ಯಳದು.

ಇಲ್ಲೊಂದು ನಿಯಮ ತಿಳಿದಿರಬೇಕು. ಚೆಂಡು ಪ್ಲೇಟಿನ ಮೇಲೆ, ಮೊಣಕಾಲಿನಿಂದ ಕಂಕುಳಿನವರೆಗಿನ ಎತ್ತರದಲ್ಲಿ ಬಂದರೆ ಸ್ಟ್ರೈಕ್. ಬೀಸಿ ತಪ್ಪಿದರೂ ಸ್ಟ್ರೈಕ್. ಮೂರಾದರೆ ಔಟ್. ಅದರ ಹೊರಗೆ ಬಂದ ಚೆಂಡಿಗೆ ಬ್ಯಾಟ್ ಬೀಸದಿದ್ದರೆ 'ಬಾಲ್'. ನಾಲ್ಕು ಬಾಲ್ ಆದರೆ ಮೊದಲ ಬೇಸ್ ಪುಕ್ಕಟೆ, ಬೇಸ್‌ಗಳು ತುಂಬಿದ್ದರೆ ಎಲ್ಲರೂ ಒಂದೊಂದು ಬೇಸ್ ಮುಂದೆ ಸರಿಯುತ್ತಾರೆ.

ಭಾಗ್ಯ ಮೊದಲ ಚೆಂಡಿಗೆ ಬೀಸಿದಳು, ತಪ್ಪಿತು. ಮುಂದಿನ ಎರಡನ್ನು ಬಿಟ್ಟಳು, ಎರಡೂ ಬಾಲ್. ಮತ್ತೆ ಬೀಸಿದಳು, ಮತ್ತೆ ತಪ್ಪಿತು. ಐದನೆಯದು ಆಚೆ ಹೋಯಿತು, ಬಾಲ್. ಈಗ ಮೂರು ಬಾಲ್, ಎರಡು ಸ್ಟ್ರೈಕ್. ಎದುರು ಕೋಚ್ ಕೂಗಿದ: "ನೇರ ಹಾಕು, ಅವಳಿಗೆ ಹೊಡೆಯೋಕೆ ಬರಲ್ಲ!"

ಚೆಂಡು ನೇರವಾಗಿಯೇ ಬಂತು, ಆದರೆ ಕೆಳಗೆ. ನಾನು ನಿಂತ ಜಾಗದಿಂದ ಮೊಣಕಾಲಿನ ಮಟ್ಟವೋ ಕೆಳಗೋ ತಿಳಿಯಲಿಲ್ಲ. ಭಾಗ್ಯಳ ಬ್ಯಾಟ್ ಅಲ್ಲಾಡಲಿಲ್ಲ. ಚೆಂಡು ಹಿಂದೆ ಕೂತ ಕ್ಯಾಚರ್ ಹುಡುಗಿಯ ಗ್ಲೌಸಿನಲ್ಲಿ ಟಪ್ಪೆಂದಿತು. ಇಡೀ ಮೈದಾನ ರುದ್ರಪ್ಪ ಸಾರ್ ಮುಖ ನೋಡಿತು. ಅವರ ಹಿಂದೆ ಅವರದೇ ಸಮಿತಿ ಕೂತಿತ್ತು.

"ಬಾಲ್!" ಎಂದರು.

ಭಾಗ್ಯಳಿಗೆ ಅರ್ಥವಾಗಲೇ ಇಲ್ಲ, ನಿಂತೇ ಇದ್ದಳು. ಮೂರನೇ ಬೇಸಿನಿಂದ ಅಶ್ವಿನಿ ಕಿರುಚಿದಳು: "ಓಡೇ ಭಾಗ್ಯಾ! ಫಸ್ಟ್‌ಗೆ ಓಡೇ!" ನಡೆದೇ ಹೋಗಬಹುದಾಗಿದ್ದ ದೂರವನ್ನು ಆ ಹುಡುಗಿ ಬ್ಯಾಟ್ ಬಿಸಾಡಿ, ನಾಯಿ ಅಟ್ಟಿಸಿಕೊಂಡು ಬಂದಂತೆ ಓಡಿ ಮುಟ್ಟಿದಳು. ಅಶ್ವಿನಿ ಪ್ಲೇಟ್ ತುಳಿದಳು. 6–5. ತಾಯಂದಿರು ಚಪ್ಪಲಿ ಬಿಟ್ಟು ಮೈದಾನಕ್ಕೆ ನುಗ್ಗಿದರು. ಭಾಗ್ಯಳ ತಾಯಿ ನನ್ನ ಕೈ ಹಿಡಿದು, "ಏನ್ ಮಿಸ್ ಆಯ್ತು? ಅವಳು ಹೊಡೀಲೇ ಇಲ್ವಲ್ಲ?" ಎಂದರು. "ಹೊಡೀದೇ ಗೆಲ್ಲಿಸಿದ್ಲಮ್ಮ" ಎಂದೆ.

ಕೋಚ್ ತಕರಾರು ತೆಗೆದಾಗ ರುದ್ರಪ್ಪ ಸಾರ್ ಬೆರಳು ಮಡಿಚಿ ತೋರಿಸಿದರು. "ಮೊಣಕಾಲಿಗಿಂತ ಎರಡು ಬೆರಳು ಕೆಳಗಿತ್ತಪ್ಪ. ಆ ಹುಡುಗಿಗೆ ಕಂಡೈತಿ, ನನಗೂ ಕಂಡೈತಿ." ಆಮೇಲೆ ನನ್ನ ಬಳಿ ಬಂದು ಮೆಲ್ಲಗೆ, "ಎರಡಾದ್ರೆ ಸಾಯ್ತಾವ ಅಂದಿದ್ದೆ. ತಪ್ಪಾತವ್ವ" ಎಂದರು. ಅವರ ಬಾಯಿಂದ ಆ ಮಾತು ಕೇಳಿ ನನಗೇ ನಾಚಿಕೆಯಾಯಿತು.

ಈಗ ಶನಿವಾರದ ಲೀಗಿನಲ್ಲಿ ಎಂಟು ತಂಡಗಳಿವೆ. ಭಾನುವಾರದ ಲೀಗಿಗೂ ಎರಡು ತಂಡ ಹೆಚ್ಚಾಗಿವೆ, ಅದರಲ್ಲಿ ನಮ್ಮಲ್ಲಿ ಕಲಿತವರೇ ಒಂಬತ್ತು ಜನ. ಅಲ್ಲಿ ಬೆಂಚಿನಲ್ಲಿ ಕೂತು ಬೇಸತ್ತವರು ಇಲ್ಲಿಗೆ ಬಂದು ಆಡುತ್ತಾರೆ. ಅಶ್ವಿನಿ ಕಾಲೇಜು ತಂಡದ ಪಿಚರ್. ಭಾಗ್ಯ ಪಿಯುಸಿ ಓದುತ್ತ ಶನಿವಾರದ ಪಂದ್ಯಗಳಿಗೆ ಅಂಪೈರ್ ಆಗಿ ನಿಲ್ಲುತ್ತಾಳೆ. ಅವಳ ತೀರ್ಪಿಗೆ ಇದುವರೆಗೆ ಯಾರೂ ತಕರಾರು ಮಾಡಿಲ್ಲ.

ನಿವೃತ್ತಳಾದ ಮೇಲೂ ನಾನು ಭಾನುವಾರದ ಆಯ್ಕೆಗೆ ಕೂರುತ್ತೇನೆ. ಜಾಗ ಕಡಿಮೆ, ಹೆಚ್ಚಿನವರಿಗೆ ಬೇಡ ಎನ್ನಲೇಬೇಕಾಗುತ್ತದೆ. ಅದು ಕೆಲಸದ ಭಾಗ, ಅದಕ್ಕೆ ನಾನು ಅಂಜುವುದಿಲ್ಲ. ಆದರೆ ಒಂದು ಮಗುವಿಗೆ ಇಲ್ಲಿ ಜಾಗವಿಲ್ಲ ಎನ್ನುವ ಅಧಿಕಾರ ಇರುವವರು, ಎಲ್ಲಿ ಜಾಗವಿದೆ ಎಂದು ಹೇಳುವ ಹೊಣೆಯನ್ನೂ ಹೊರಬೇಕು. ಅಂಥ ಜಾಗ ಇಲ್ಲದಿದ್ದರೆ ಮಾಡಬೇಕು. ಇದನ್ನು ಕಲಿಯಲು ನನಗೆ ಹನ್ನೊಂದು ವರ್ಷ ಹಿಡಿಯಿತು. ಈಗ ಪಟ್ಟಿ ಓದಿ ಮುಗಿಸಿದ ಕೂಡಲೇ, ಹೆಸರು ಬಾರದವರನ್ನು ಹತ್ತಿರ ಕರೆದು ಹೇಳುತ್ತೇನೆ: "ಶನಿವಾರ ಎರಡೂವರೆಗೆ ಲಗ್ಗೆರೆಗೆ ಬನ್ನಿ. ಬಂದವರೆಲ್ಲ ಆಡ್ತೀರಿ."