ಅಕ್ಕನ ಸಿ.ವಿ.ಯಲ್ಲಿ ನನ್ನ ನಂಬರ್

ಶುಕ್ರವಾರ, 8 ನವೆಂಬರ್ 2019. ಬೆಳಿಗ್ಗೆ 10.20ಕ್ಕೆ ಪತ್ರಿಕೆಗೆ ಇದನ್ನು ಬರೆಯಲು ಕುಳಿತೆ.

ಹೊಸ ಪ್ರಿಂಟರ್ ಇಡಲು ಮನೆಯಲ್ಲಿ ಬೇರೆ ಜಾಗ ಸಿಗದೆ ಅಡುಗೆಮನೆಯ ಫ್ರಿಜ್ಜಿನ ಮೇಲೆ ಇಟ್ಟಿದ್ದೆ. ಊರಿನಿಂದ ಕೆಲಸ ಹುಡುಕಿಕೊಂಡು ಬಂದಿರುವ ಚಿಕ್ಕಮ್ಮನ ಮಗಳ ರೆಸ್ಯೂಮೆಯನ್ನು ಇವತ್ತು ಅದರಲ್ಲಿ ಪ್ರಿಂಟ್ ತೆಗೆಯುವಾಗ, ಇನ್ನೊಂದು ಕೈಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಕಾಗದ ಬೆಚ್ಚಗೆ ಹೊರಗೆ ಬಂತು. ಎತ್ತಿಕೊಂಡರೆ ಶಾಯಿಯ ಜೊತೆಗೆ ಸಾಸಿವೆ, ಕರಿಬೇವಿನ ವಾಸನೆ... ಈ ವಾಸನೆಯ ಕಾಗದವನ್ನು ನಾನು ಮೊದಲು ಹಿಡಿದದ್ದು 2014ರಲ್ಲಿ, ಗಲ್ಫಿನ ಇದೇ ಅಲ್ ನಹ್ದಾ ಬಡಾವಣೆಯ ಇನ್ನೊಂದು ಕಟ್ಟಡದಲ್ಲಿ. ಕೊಟ್ಟವರು ಪಕ್ಕದ ಕೋಣೆಯ ಅಕ್ಕ. ಅಲ್ಲೂ ಪ್ರಿಂಟರ್ ಇದ್ದದ್ದು ಫ್ರಿಜ್ಜಿನ ಮೇಲೆಯೇ.

ಆ ವರ್ಷದ ಜನವರಿಯಲ್ಲಿ ನಾನು ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಕಾರ್ಕಳದಿಂದ ಅಣ್ಣನ ಮನೆಗೆ ಬಂದಿದ್ದೆ. ಎರಡು ಕೋಣೆಯ ಫ್ಲ್ಯಾಟು. ಒಂದರಲ್ಲಿ ಅಣ್ಣ, ಅತ್ತಿಗೆ. ಇನ್ನೊಂದನ್ನು ಬ್ರಹ್ಮಾವರ ಕಡೆಯ ಗಂಡಹೆಂಡತಿಗೆ ಬಾಡಿಗೆಗೆ ಕೊಟ್ಟಿದ್ದರು. ಹಾಲಿನ ಸೋಫಾ ನನ್ನದು. ಆ ಹೆಂಡತಿಯನ್ನೇ ನಾನು ಅಕ್ಕ ಎನ್ನುತ್ತಿದ್ದದ್ದು. ಅವರು ರಾಸ್ ಅಲ್ ಖೋರ್‌ನಲ್ಲಿ ಪೈಪು, ನಲ್ಲಿ ಮಾರುವ ಒಂದು ಕಂಪನಿಯ ಆಫೀಸು ನೋಡಿಕೊಳ್ಳುತ್ತಿದ್ದರು. ಅವರ ಗಂಡನಿಗೆ ಅಬುಧಾಬಿಯ ಸೈಟಿನಲ್ಲಿ ಕೆಲಸ. ಗುರುವಾರ ಸಂಜೆ ಬಂದರೆ ಶನಿವಾರ ಹೋಗುತ್ತಿದ್ದರು. ನಾನು ಅವರನ್ನು ಭಾವ ಎಂದು ಕರೆಯುತ್ತಿದ್ದೆ.

ನನಗೆ ಆಗಲೂ ಡೈರಿಯ ಅಭ್ಯಾಸ. ಪುಟದ ಅಂಚಿನಲ್ಲಿ ದಿನಾ ಮೂರು ಅಂಕಿ ಬರೆಯುತ್ತಿದ್ದೆ: ಅಂದಿನವರೆಗೆ ಕಳಿಸಿದ ಅರ್ಜಿ, ಬಂದ ಕರೆ, ಹೋದ ಸಂದರ್ಶನ. ಫೆಬ್ರವರಿ 7ರ ಪುಟದಲ್ಲಿ 64, 0, 0 ಎಂದಿದೆ. ಅವತ್ತೂ ಶುಕ್ರವಾರ. ಅಕ್ಕ ದೋಸೆ ಹುಯ್ಯುತ್ತಾ ಡೈರಿಯನ್ನು ಬಗ್ಗಿ ನೋಡಿದರು.

“ಇದೆಂತ, ಕ್ರಿಕೆಟ್ ಸ್ಕೋರಾ?”

ಹೇಳಿದೆ. ಅವರಿಗೆ ನಗು ತಡೆಯಲಾಗಲಿಲ್ಲ. “ಅರವತ್ನಾಲ್ಕು ಕಡೆ ಕಳಿಸಿದ್ದನ್ನು ಲೆಕ್ಕ ಇಟ್ಟಿದ್ದಿ, ಕಳಿಸಿದ್ದು ಎಂತದ್ದು ಅಂತ ಒಮ್ಮೆಯಾದ್ರೂ ಓದಿದ್ದಿಯಾ? ತಾ ಇಲ್ಲಿ ನಿನ್ನ ಸಿ.ವಿ.”

ಊರಿನಲ್ಲಿ ರೆಸ್ಯೂಮೆ ಎನ್ನುವುದನ್ನು ಇಲ್ಲಿ ಎಲ್ಲರೂ ಸಿ.ವಿ. ಎನ್ನುತ್ತಾರೆ. ನನ್ನದು ಮೂರು ಪುಟ ಇತ್ತು. ಅಪ್ಪನ ಹೆಸರು, ಹತ್ತನೆಯ ತರಗತಿಯ ಅಂಕ, ಹವ್ಯಾಸಗಳು. ಫೋಟೊದಲ್ಲಿ ತಲೆತುಂಬ ಮಲ್ಲಿಗೆ. ಎಲ್ಲಕ್ಕಿಂತ ಮೇಲೆ, ಸವಾಲಿನ ಹುದ್ದೆಯೊಂದನ್ನು ಬಯಸುತ್ತೇನೆ ಎಂಬರ್ಥದ ಒಂದು ಉದ್ದದ ವಾಕ್ಯ. ಕಾಲೇಜಿನಲ್ಲಿ ಎಲ್ಲರೂ ಅದನ್ನೇ ನಕಲು ಮಾಡಿಕೊಂಡಿದ್ದೆವು.

“ಸವಾಲು ಬೇಕಾ ನಿಂಗೆ? ಸಂಜೆ ಐದೂವರೆಗೆ ಶಾರ್ಜಾ ರೋಡಲ್ಲಿ ಬಸ್ಸಿಗೆ ನಿಲ್ಲು ಮಾರಾಯ್ತಿ” ಎಂದರು. ಫೋಟೊ ನೋಡಿ, “ಇದನ್ನು ಮದುವೆ ಬ್ರೋಕರನಿಗೆ ಕೊಡು” ಎಂದರು.

ಆಮೇಲೆ ಒಲೆ ಆರಿಸಿ ಕುಳಿತರು. ಅವರ ಆಫೀಸಿಗೆ ಬರುವ ಸಿ.ವಿ.ಗಳನ್ನು ಪ್ರಿಂಟ್ ತೆಗೆದು ಮ್ಯಾನೇಜರಿಗೆ ಕೊಡುವುದು ಅವರದೇ ಕೆಲಸ. ಮ್ಯಾನೇಜರ್ ಒಂದು ಕೈಯಲ್ಲಿ ಸುಲೈಮಾನಿ ಚಹಾ ಹಿಡಿದು, ನಿಂತುಕೊಂಡೇ ಹಾಳೆ ಮಗುಚುತ್ತಾನಂತೆ. “ಚಾಯ ಮುಗಿಯುವವರೆಗೆ ಮಾತ್ರ. ಚಾಯ ಖಲಾಸ್, ಸಿ.ವಿ. ಖಲಾಸ್. ಎರಡನೇ ಪುಟ ಅವ ಯಾವತ್ತೂ ನೋಡಿದ್ದೇ ಇಲ್ಲ. ನಿನ್ನದೆಲ್ಲ ಮೂರನೇ ಪುಟದಲ್ಲಿ ಉಂಟು.”

ಒಂದೇ ಪುಟಕ್ಕೆ ಇಳಿಸಿದೆವು. ನಾನು ಊರಿನ ಒಂದು ಸಹಕಾರ ಸಂಘದಲ್ಲಿ ಎರಡು ವರ್ಷ ಕೆಲಸ ಮಾಡಿದ್ದೆ. ಅಲ್ಲಿ ಏನು ಮಾಡಿದೆ ಎಂದು ಅಕ್ಕ ಕೇಳಿದರು. ಕ್ಯಾಶ್ ಕೌಂಟರಿನ ಜವಾಬ್ದಾರಿ ಇತ್ತು ಎಂದೆ.

“ಅದು ಕುರ್ಚಿಯ ಕೆಲಸ. ಅಲ್ಲಿ ಯಾರು ಕೂತ್ರೂ ಅದೇ ಜವಾಬ್ದಾರಿ. ನೀನು ಸೇರಿದ ಮೇಲೆ ಎಂತ ಬದಲಾಯ್ತು?”

“ಎಂತ ಇಲ್ಲ ಅಕ್ಕ... ಮೊದಲು ಸಂಜೆ ಲೆಕ್ಕ ಕೂಡ್ತಾ ಇರ್ಲಿಲ್ಲ. ಮರುದಿನಕ್ಕೆ ಹೋಗ್ತಿತ್ತು. ಮತ್ತೆ ಅದೇ ದಿನ ಕೂಡ್ಲಿಕ್ಕೆ ಶುರು ಆಯ್ತು.”

“ಅದನ್ನೇ ಬರಿ ಮಾರಾಯ್ತಿ!” ಎಂದು ಮೇಜು ಗುದ್ದಿದರು. ದೋಸೆಯ ತಟ್ಟೆ ಹಾರಿತು.

ಅದೇ ಮೊದಲ ಸಾಲಾಯಿತು. ಅದಕ್ಕೂ ಮೇಲೆ, ಹೆಸರಿನ ಕೆಳಗೆ, ವೀಸಾದ ಸಾಲು. ಇಲ್ಲಿಯ ಕಂಪನಿಯವರ ಕಣ್ಣು ಮೊದಲು ಹೋಗುವುದು ಅಲ್ಲಿಗೆ ಎಂದು ಅಕ್ಕ ಹೇಳಿಕೊಟ್ಟರು. ನನ್ನದು ವಿಸಿಟ್ ವೀಸಾ, ಮುಗಿಯುವ ತಾರೀಕು ಸಮೇತ ಬರೆಯಬೇಕು. ಅವರ ಸಿ.ವಿ.ಯಲ್ಲಿ ಆ ಜಾಗದಲ್ಲಿ ಇದ್ದದ್ದು ‘ಗಂಡನ ವೀಸಾ’. ಹಾಗಿದ್ದರೆ ಕಂಪನಿಗೆ ವೀಸಾ ಮಾಡಿಸುವ ಖರ್ಚು ಇಲ್ಲ, ಬೇಗ ಕರೆಯುತ್ತಾರೆ.

“ನನ್ನ ಎಲ್ಲಕ್ಕಿಂತ ದೊಡ್ಡ ಕ್ವಾಲಿಫಿಕೇಶನ್ ನಿನ್ನ ಭಾವ” ಎಂದು ಅಕ್ಕ ನಕ್ಕರು.

ಭಾವ ಪೇಪರಿನಿಂದ ತಲೆ ಎತ್ತಲಿಲ್ಲ. “ಮತ್ತೆ! ಮೊದಲು ನಾನು, ಆಮೇಲೆ ಬಿ.ಕಾಂ.”

ಅವತ್ತು ನಾವೆಲ್ಲ ಎಷ್ಟು ನಕ್ಕೆವು...

ಕರೆ ಬಂದರೆ ಹೇಗೆ ಮಾತಾಡಬೇಕು ಎನ್ನುವುದನ್ನೂ ಅವರೇ ಕಲಿಸಿದರು. ಮಧ್ಯಾಹ್ನ ಆಫೀಸಿನಿಂದ ಗಂಟಲು ದಪ್ಪ ಮಾಡಿಕೊಂಡು ಫೋನ್ ಮಾಡಿ, ಯಾವುದೋ ಕಂಪನಿಯವರ ಹಾಗೆ ಪ್ರಶ್ನೆ ಕೇಳುತ್ತಿದ್ದರು. ಎರಡೇ ನಿಮಿಷದಲ್ಲಿ ಅವರದೇ ದನಿ ಬರುತ್ತಿತ್ತು: “ನೀನೀಗ ಸೋಫಾದಲ್ಲಿ ಬಿದ್ದುಕೊಂಡಿದ್ದಿ ಅಲ್ವಾ? ಎದ್ದು ನಿಂತು ಮಾತಾಡು. ಕೂತ್ರೆ ಸ್ವರದಲ್ಲಿ ಗೊತ್ತಾಗ್ತದೆ.”

ಮಾರ್ಚ್ ಎರಡನೆಯ ವಾರ ಅಂಚಿನ ಅಂಕಿ 71, 4, 2. ಆ ಎರಡರಲ್ಲಿ ಒಂದು ಕೆಲಸವಾಯಿತು. ಇವತ್ತಿಗೂ ಅಲ್ಲೇ ಇದ್ದೇನೆ.

2016ರ ಮಾರ್ಚಿನಲ್ಲಿ ಭಾವನ ಅಬುಧಾಬಿಯ ಪ್ರಾಜೆಕ್ಟ್ ನಿಂತುಹೋಯಿತು. ಅವರು ಒಂದು ವಾರ ಕೋಣೆಯಿಂದ ಹೊರಗೆ ಬರಲಿಲ್ಲ. ಆಮೇಲೆ ಊರಿಗೆ ಹೋಗುವುದೆಂದು ತೀರ್ಮಾನಿಸಿದರು. ಭಾವನ ವೀಸಾ ರದ್ದಾದರೆ ಅದರ ಮೇಲಿದ್ದ ಅಕ್ಕನ ವೀಸಾವೂ ಹೋಗುತ್ತದೆ. ಆಮೇಲೆ ಇಲ್ಲಿ ಇರಲು ಸಿಗುವುದು ಸುಮಾರು ಒಂದು ತಿಂಗಳು. ಅಕ್ಕ ತಮ್ಮ ಕಂಪನಿಯನ್ನೇ ವೀಸಾ ಕೇಳಿದರು. ಮ್ಯಾನೇಜರ್ ಕುಳ್ಳಿರಿಸಿ ಚಹಾ ತರಿಸಿಕೊಟ್ಟನಂತೆ. ನಿಮ್ಮನ್ನು ಬಿಡಲು ಮನಸ್ಸೇ ಇಲ್ಲ, ಆದರೆ ವೀಸಾ ಮಾಫಿ ಎಂದನಂತೆ. ಅರಬಿಯಲ್ಲಿ ಮಾಫಿ ಎಂದರೆ ಇಲ್ಲ.

ಅಕ್ಕನಿಗೆ ಊರಿಗೆ ಹೋಗುವ ಮನಸ್ಸಿರಲಿಲ್ಲ. ಇದನ್ನು ಅವರು ನನ್ನ ಹತ್ತಿರ ಹೇಳಿದ್ದು ಒಂದೇ ಸಲ, ಬಟ್ಟೆ ಒಣಗಿಸುತ್ತಾ, ನನ್ನ ಮುಖ ನೋಡದೆ. “ಊರಲ್ಲಿ ನಾನು ಇವರ ಹೆಂಡತಿ. ಅದು ತಪ್ಪಲ್ಲ. ಆದ್ರೆ ಇಲ್ಲಿ ನಂಗೊಂದು ಟೇಬಲ್ ಉಂಟು. ಹನ್ನೊಂದು ವರ್ಷದಿಂದ ಉಂಟು.” ವೀಸಾ ಕೊಡುವ ಕೆಲಸ ಸಿಕ್ಕಿದರೆ ಒಬ್ಬರೇ ಇರುತ್ತೇನೆ ಎಂದು ಭಾವನಿಗೂ ಹೇಳಿದ್ದರು. ಭಾವ, ಸಿಕ್ಕಿದರೆ ನೋಡುವ, ಎಂದಿದ್ದರು.

ಏಪ್ರಿಲ್‌ನ ಒಂದು ಶುಕ್ರವಾರ ಬೆಳಿಗ್ಗೆ ಇಬ್ಬರೂ ಅವರ ಸಿ.ವಿ. ಮುಂದಿಟ್ಟುಕೊಂಡು ಕುಳಿತೆವು. ಅಕ್ಕ ಮೊದಲು ‘ಗಂಡನ ವೀಸಾ’ ಎಂಬ ಸಾಲನ್ನು ಅಳಿಸಿದರು. ಅಳಿಸಿದ ಮೇಲೆ ಅವರ ಬೆರಳು ಮುಂದೆ ಹೋಗಲಿಲ್ಲ. ಉಳಿದದ್ದನ್ನು ಓದಿದೆ. ಆಫೀಸಿನ ಜವಾಬ್ದಾರಿ, ಫೈಲುಗಳ ಜವಾಬ್ದಾರಿ, ಪತ್ರವ್ಯವಹಾರದ ಜವಾಬ್ದಾರಿ... ಊರಿಗೆಲ್ಲ ಸಿ.ವಿ. ತಿದ್ದಿಕೊಟ್ಟವರು ತಮ್ಮದನ್ನು ಎಷ್ಟೋ ವರ್ಷಗಳಿಂದ ಮುಟ್ಟಿರಲಿಲ್ಲ. ಅಳಿಸಿದ ಆ ವೀಸಾದ ಸಾಲೊಂದೇ ಅವರಿಗೆ ಸಾಕಾಗುತ್ತಿತ್ತಲ್ಲ.

“ಅಕ್ಕ, ನೀವು ಸೇರಿದ ಮೇಲೆ ಅಲ್ಲಿ ಎಂತ ಬದಲಾಯ್ತು?” ಎಂದು ಕೇಳಿದೆ.

“ನನ್ನ ಮದ್ದು ನಂಗೇ ಕುಡಿಸ್ತಿಯಾ?” ಎಂದರು. ಆಮೇಲೆ ಬೇರೆ ಯಾರದೋ ಸುದ್ದಿ ಹೇಳುವವರಂತೆ ಹೇಳಿದರು. ಮೊದಲು ಗೋದಾಮಿನಿಂದ ಮಾಲು ಹೋಗುತ್ತಿತ್ತು, ಸಹಿಯಾದ ಕಾಗದ ಹಿಂದೆ ಬರುತ್ತಿರಲಿಲ್ಲ. ಗಿರಾಕಿಗಳು ನಮಗೆ ಮಾಲೇ ಬಂದಿಲ್ಲ ಎನ್ನುತ್ತಿದ್ದರು. ಹಿಂದಿನ ಸಲದ ಕಾಗದ ತಂದುಕೊಡದೆ ಡ್ರೈವರಿಗೆ ಮುಂದಿನ ಲೋಡ್ ಇಲ್ಲ ಎಂದು ಅಕ್ಕ ಪಟ್ಟು ಹಿಡಿದರು. ಒಂದು ತಿಂಗಳು ಡ್ರೈವರುಗಳೆಲ್ಲ ಬೈದರು. “ಮತ್ತೆ ಕಾಗದ ಇಲ್ಲದೆ ಒಂದು ಗಾಡಿಯೂ ಗೇಟು ದಾಟ್ಲಿಲ್ಲ.”

“ಅದನ್ನೇ ಬರೀರಿ ಅಕ್ಕ.”

ಬರೆದರು. ವೀಸಾದ ಸಾಲು ಇದ್ದ ಜಾಗಕ್ಕೆ ಗೇಟಿನ ಸಾಲು ಬಂತು.

ಉಳಿದದ್ದು ಫೋನ್ ನಂಬರ್. ಅವರ ಕೈಯಲ್ಲಿದ್ದ ಮೊಬೈಲ್ ಕಂಪನಿಯದು, ಕೆಲಸ ಬಿಡುವ ದಿನ ಹಿಂತಿರುಗಿಸಬೇಕು. ಹೊಸ ಸಿಮ್ ತೆಗೆದರೂ ವೀಸಾ ರದ್ದಾದ ಮೇಲೆ ಅದು ಎಷ್ಟು ದಿನ ನಡೆಯುತ್ತದೋ ತಿಳಿಯದು. “ನಿನ್ನದು ಹಾಕುವನಾ?” ಎಂದು ಕೇಳಿದರು. “ಎದ್ದು ನಿಂತು ಮಾತಾಡ್ಬೇಕು, ಮತ್ತೆ!”

ಫ್ರಿಜ್ಜಿನ ಮೇಲಿನ ಪ್ರಿಂಟರಿನಿಂದ ಕಾಗದ ಬಂತು. ಅತ್ತಿಗೆ ಮೂಸಿ ನೋಡಿ, “ಈ ಸಿ.ವಿ. ಓದಿದವರಿಗೆ ಹಸಿವಾಗ್ತದೆ” ಎಂದರು.

ಆ ಏಪ್ರಿಲಿನಿಂದ ಡೈರಿಯ ಅಂಚಿನಲ್ಲಿ ಅಕ್ಕನ ಅಂಕಿ ಬರೆಯತೊಡಗಿದೆ. ಅವರ ಆಫೀಸು ಮುಗಿಯಿತು, ಮೊಬೈಲ್ ಹಿಂದೆ ಹೋಯಿತು, ವೀಸಾ ರದ್ದಾಯಿತು. ನನ್ನ ಫೋನ್ ಯಾವಾಗ ಹೊಡೆದರೂ ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು. ಊರಿನಿಂದ ಅಮ್ಮ, ಇಲ್ಲವೇ ನೀರಿನ ಬಾಟಲಿಯವನು. ನಾನು ತಲೆ ಅಲ್ಲಾಡಿಸಿದರೆ, “ಇರ್ಲಿ ಬಿಡು” ಎಂದು ಒಳಗೆ ಹೋಗುತ್ತಿದ್ದರು. ಮೇ 13ರ ಪುಟದಲ್ಲಿ 38, 0, 0. ಅವತ್ತು ಅವರು ಹೊರಟರು. ಟ್ಯಾಕ್ಸಿ ಹತ್ತುವ ಮೊದಲು ಊರಿನಲ್ಲಿ ಸಿಗುವ ನಂಬರ್ ಕೊಟ್ಟರು. ಅದು ಭಾವನದು. “ನಂದು ಒಂದು ಮಾಡಿಸ್ತೇನೆ, ಆಮೇಲೆ ಕಳಿಸ್ತೇನೆ” ಎಂದರು.

ಮೇ 22, ಭಾನುವಾರ. ನಾನು ಆಫೀಸಿನಲ್ಲಿದ್ದೆ. ಗೊತ್ತಿಲ್ಲದ ನಂಬರಿನಿಂದ ಕರೆ. ಅಬುಧಾಬಿಯ ಒಂದು ಕಂಪನಿಯ ಹೆಂಗಸು ಅಕ್ಕನ ಹೆಸರು ಹೇಳಿ, ಇದ್ದಾರೆಯೇ ಎಂದು ಕೇಳಿದರು. ನಾನು ಎದ್ದು ನಿಂತೆ.

ಅವರು ಊರಿಗೆ ಹೋಗಿದ್ದಾರೆ ಎಂದೆ. ಆಚೆಯವರು, ಆ ಗೇಟಿನ ಸಾಲು ಬರೆದವರು ಇವರೇ ತಾನೆ ಎಂದು ಕೇಳಿದರು. ಹೌದು ಎಂದೆ. ನಮ್ಮ ಗೋದಾಮಿನಲ್ಲೂ ಅದೇ ಗೋಳು ಎಂದು ನಕ್ಕರು. ಬುಧವಾರದೊಳಗೆ ಫೋನಿನಲ್ಲೇ ಸಂದರ್ಶನ ಮಾಡಬಹುದು, ಒಪ್ಪಿಗೆಯಾದರೆ ವೀಸಾ ನಾವು ಕೊಡುತ್ತೇವೆ, ಅವರಿಂದ ಒಂದು ಕರೆ ಮಾಡಿಸಿ ಎಂದರು. ನಂಬರ್ ಬರೆದುಕೊಂಡೆ.

ಊರಿಗೆ ಫೋನ್ ಮಾಡಿದೆ. ಭಾವ ಎತ್ತಿದರು. ಅಕ್ಕ ಹೊರಗೆ ಹೋಗಿದ್ದಾರೆ ಎಂದರು. ಎಲ್ಲವನ್ನೂ ಹೇಳಿದೆ, ಅಬುಧಾಬಿಯ ನಂಬರನ್ನು ಎರಡು ಸಲ ಓದಿದೆ. ಬರೆದುಕೊಂಡರೋ ಇಲ್ಲವೋ...

“ಆಯ್ತು, ಹೇಳ್ತೇನೆ ಮಗಾ” ಎಂದರು. ಎಷ್ಟೋ ಮೆಲ್ಲಗೆ ಹೇಳಿದರು.

ಸೋಮವಾರ ಮಾಡಿದೆ, ಎತ್ತಲಿಲ್ಲ. ಮಂಗಳವಾರ ಅವರೇ ಎತ್ತಿ, ಹೇಳಿದ್ದೇನೆ ಎಂದರು. ಅಕ್ಕನಿಗೆ ಕೊಡಿ ಎಂದರೆ ಮಲಗಿದ್ದಾಳೆ ಎಂದರು. ಅಕ್ಕನಿಗೆ ಮೇಲ್ ಕೂಡ ಹಾಕಿದೆ. ಆದರೆ ಅವರು ಮೇಲ್ ನೋಡುತ್ತಿದ್ದದ್ದು ಆಫೀಸಿನ ಕಂಪ್ಯೂಟರಿನಲ್ಲಿ ಮಾತ್ರ. ಗುರುವಾರ ಅಬುಧಾಬಿಯ ಹೆಂಗಸು ಮತ್ತೆ ಕರೆ ಮಾಡಿ, ಅವರಿಗೆ ಆಸಕ್ತಿ ಇಲ್ಲವೇ ಎಂದು ಕೇಳಿದರು. ಗೊತ್ತಿಲ್ಲ ಎಂದೇ ಹೇಳಿದೆ.

ಜೂನ್ ಮುಗಿಯುವಾಗ ಭಾವನ ನಂಬರ್ ಚಾಲ್ತಿಯಲ್ಲಿಲ್ಲ ಎಂಬ ದನಿ ಬರತೊಡಗಿತು. ಊರಿಗೆ ಹೋದಾಗ ಬ್ರಹ್ಮಾವರದಲ್ಲಿ ಇಬ್ಬರನ್ನು ಕೇಳಿದೆ. ಮನೆಯ ಹೆಸರೇ ತಿಳಿಯದೆ ಹುಡುಕುವುದು ಹೇಗೆ? ಎರಡು ವರ್ಷಕ್ಕೂ ಮಿಕ್ಕಿ ಒಂದೇ ಅಡುಗೆಮನೆಯಲ್ಲಿ ಉಂಡಿದ್ದೆವು, ನಾನಾಗಲಿ ಅಣ್ಣನಾಗಲಿ ಅದನ್ನು ಕೇಳಿರಲಿಲ್ಲ. ಭಾವ ಹೇಳಲಿಲ್ಲವೋ, ಹೇಳಿದರೂ ಅಕ್ಕನೇ ಬೇಡವೆಂದರೋ. ಬೇಡವೆಂದಿದ್ದರೆ ನನ್ನ ದುಃಖ ದೊಡ್ಡದಲ್ಲ. ಆದರೆ ಮೂವತ್ತೆಂಟು ಕಡೆ ಕಳಿಸಿಯೂ ತನ್ನನ್ನು ಯಾರೂ ಕೇಳಲಿಲ್ಲ ಎಂದುಕೊಂಡೇ ಅವರು ಎಲ್ಲೋ ಇದ್ದರೆ?

ಈಗಷ್ಟೇ ಚಿಕ್ಕಮ್ಮನ ಮಗಳು ಬಂದು, “ಅಕ್ಕ, ನಂಬರ್ ನಿಮ್ಮದೇ ಹಾಕ್ಲಾ? ನನ್ನದು ಟೆಂಪರರಿ ಸಿಮ್” ಎಂದು ಕೇಳಿದಳು. ನಿನ್ನದನ್ನೇ ಹಾಕು, ಅದರ ಕೆಳಗೆ ಊರಿನ ನಿನ್ನ ಸ್ವಂತ ನಂಬರನ್ನೂ ಹಾಕು ಎಂದೆ. ದನಿ ಸ್ವಲ್ಪ ಜೋರಾಯಿತೇನೋ, ಅವಳು ನನ್ನನ್ನೇ ನೋಡಿದಳು. ಸಾರು ತಣ್ಣಗಾಗಿದೆ.

ಇದನ್ನು ಓದಿದವರಲ್ಲಿ ಯಾರಿಗಾದರೂ ಆ ಅಕ್ಕ ಗೊತ್ತಿದ್ದರೆ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಎರಡು ಸಾಲು ಬರೆಯಿರಿ. ಅವರನ್ನು ಕೇಳದೆ ಹೆಸರು ಅಚ್ಚು ಹಾಕಿಸಲಾರೆ. ಬ್ರಹ್ಮಾವರ ಕಡೆಯವರು, ರಾಸ್ ಅಲ್ ಖೋರ್‌ನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವರು, ಮುಖ್ಯವಾದ ಫೋನ್ ಬಂದರೆ ಎದ್ದು ನಿಂತು ಮಾತಾಡುವವರು. ಬರೆಯುವ ಮೊದಲು ಅವರಿಗೆ ಇದನ್ನೊಂದು ತಿಳಿಸಿ: 38, 1. ಕರೆ ಬಂದಿತ್ತು, ಗೇಟಿನ ಸಾಲು ಓದಿಯೇ ಬಂದಿತ್ತು.