ಬೀಗರ ಮುಂದೆ ಹಾಕಿದ ಸಹಿ

ಭಾಲ್ಕಿಯ ಬ್ಯಾಂಕಿನಲ್ಲಿ ಕೆಲಸಕ್ಕಿರುವ ನಮ್ಮ ಬೀಗರು, ಠೇವಣಿ ಇಡಲು ಹೋದ ನನ್ನ ಮುಂದೆ ಕಾಗದವೊಂದನ್ನಿಟ್ಟು, “ಇದೂ ಠೇವಣಿನೇ ರೀ, ಒಮ್ಮೆ ಕಟ್ಟಿದ್ರ ಮುಗೀತು” ಎಂದರು. ಮನೆಯ ಚಿಲಕವನ್ನೇ ಮೂರು ಸಲ ನೋಡುವ ನಾನು, ಮಗಳ ಮಾವನೆದುರು ಕಾಗದ ಓದಿದರೆ ಅನುಮಾನಿಸಿದಂತಾಗುತ್ತದೆಂದು ಹಾಗೆಯೇ ಸಹಿ ಹಾಕಿದೆ. ಔರಾದದ ಮನೆಗೆ ಬಂದ ಲಕೋಟೆಯನ್ನು ಹೆಂಡತಿ ಕುಂಕುಮ ಹಚ್ಚಿ ದೇವರ ಜಗಲಿಯ ಮೇಲಿಟ್ಟಳು. ಕೊನೆಗೊಮ್ಮೆ ಒಡೆದರೆ ಅದು ವಿಮೆ. ಹತ್ತು ವರ್ಷ ಕಂತು ಕಟ್ಟಬೇಕಂತೆ! ಬೀದರಿನ ವಕೀಲರ ಬಳಿಗೆ ಓಡಿದೆ.

“ಇದು ಕೈಗೆ ಬಂದು ಎಷ್ಟು ದಿನಾ ಆತ್ರಿ?”

“ಇಪ್ಪತ್ತೊಂಬತ್ತು ರೀ.”

“ಮೂವತ್ತರೊಳಗ ವಾಪಸ್ ಮಾಡೋ ಹಕ್ಕದ. ಇವತ್ತೇ ಕಂಪನಿಗೆ ಅರ್ಜಿ ಕೊಟ್ಟು ಠಸ್ಸೆ ಹಾಕಿಸ್ಕೋರಿ. ಅವ್ರು ಕೇಳಲಿಲ್ಲಂದ್ರ ಗ್ರಾಹಕರ ಆಯೋಗ ಅದ. ಯಾಕ ಅಂಜ್ತೀರಿ?”

ಸಂಜೆಯೊಳಗೆ ಅರ್ಜಿಗೆ ಠಸ್ಸೆ ಬಿತ್ತು. ಬೀಗರಿಗೆ ಸುದ್ದಿ ಮುಟ್ಟುವ ಮೊದಲೇ ಮಗಳಿಗೆ ಹೇಳಬೇಕಿತ್ತು. ಅವಳ ನಂಬರನ್ನು ಮೂರು ಸಲ ನೋಡಿ, ಫೋನು ಹಚ್ಚಿದೆ.