ದಾಮೋದರನ ಮೀಸೆ

ಅಕ್ಕಲಕೋಟೆಯ ಕಚೇರಿಯಲ್ಲಿ ಕಾರಕೂನರಾಗಿದ್ದ ವಿಶ್ವನಾಥರಾಯರಿಗೆ ದಾಮೋದರ ಒಬ್ಬನೇ ಮಗ. ಸೊಲ್ಲಾಪುರದ ಗಿರಣಿಯೊಂದರಲ್ಲಿ ಅವನಿಗೂ ಕಾರಕೂನಿಕೆಯೇ. ತೆಳ್ಳಗಿನ ಆಳು, ಪೊದೆಯಂಥ ಮೀಸೆ. ಆ ಮೀಸೆ ಅವನ ಇಷ್ಟದ್ದಲ್ಲ. ಅಪ್ಪ ಬದುಕಿರುವ ತನಕ ಮಗ ಮೀಸೆ ತೆಗೆಯುವಂತಿಲ್ಲ. ತೆಗೆದರೆ ಅಪ್ಪ ತೀರಿಕೊಂಡನೆಂದೇ ಜನ ತಿಳಿಯುತ್ತಾರೆ.

1928ರಲ್ಲಿ ಅವನ ಗೆಳೆಯರು ಕೈಯಿಂದ ತಿರುಗಿಸುವ ಕ್ಯಾಮೆರಾ ಒಂದನ್ನು ಎಲ್ಲಿಂದಲೋ ಎರವಲು ತಂದು, ತಮ್ಮದೇ ಒಂದು ಮೂಕಚಿತ್ರ ತೆಗೆಯಲು ಹೊರಟರು. ಅಪ್ಪನೊಡನೆ ಜಗಳಾಡಿ ಮನೆ ಬಿಟ್ಟವನು ಅಪ್ಪ ಸತ್ತ ಮೇಲೆ ಬಂದು ಅಳುವ ಕಥೆ. ಮಗನ ಪಾತ್ರ ದಾಮೋದರನಿಗೆ ಬಂತು. ಅಳುವಾಗ ತುಟಿ ಬೋಳಾಗಿರಲೇಬೇಕಲ್ಲ! ಮೀಸೆಯ ಮೇಲೆ ಬಣ್ಣದ ಲೇಪ ಬಳಿದು ನೋಡಿದರು. ಬಿಸಿಲಿಗೆ ಕರಗಿ ಬಾಯಿಗೇ ಇಳಿಯಿತು. ಕೊನೆಗೆ ಅವನು ಸ್ಟೇಶನ್ನಿನ ಹತ್ತಿರ ತನ್ನ ಗುರುತಿಲ್ಲದ ಕ್ಷೌರಿಕನ ಮುಂದೆ ಕೂತು ಬಂದ. ಮೀಸೆ ಬೆಳೆಯುವ ತನಕ ಊರಿಗೆ ಹೋಗದಿದ್ದರಾಯಿತು ಅಂದುಕೊಂಡ.

ಆದರೆ ಸೊಲ್ಲಾಪುರದಲ್ಲೇ ಇದ್ದ ಸೋದರತ್ತೆ ವೇಣೂಬಾಯಿ ಅವನನ್ನು ಮಂಗಳವಾರ ಪೇಠೆಯಲ್ಲಿ ದೂರದಿಂದ ನೋಡಿಬಿಟ್ಟಳು. ಅಣ್ಣ ಸತ್ತರೂ ತನಗೊಂದು ಮಾತು ತಿಳಿಸಲಿಲ್ಲವೆಂಬ ಸಿಟ್ಟು ಬೇರೆ. ಸಿಕ್ಕಿದ ರೈಲು ಹಿಡಿದು ಅಕ್ಕಲಕೋಟೆಗೆ ಬಂದವಳು ಓಣಿಯ ಮೂಲೆಯಿಂದಲೇ ಅಳಲು ಸುರುಮಾಡಿದಳು. ಜನ ಕೂಡಿದರು. ವಿಶ್ವನಾಥರಾಯರು ತಂಬಿಗೆ ಹಿಡಿದು ಹೊರಗೆ ಬಂದರು.

"ಯಾರು ಸತ್ತಾರ, ವೇಣೂ?"

"ನೀನಽ, ಅಣ್ಣಾ."

ಓಣಿ ನಕ್ಕಿತು. ರಾಯರು ನಗಲಿಲ್ಲ. ಮನೆಗೆ ಬಂದು ಕ್ಷೌರ ಮಾಡುವ ಸಾಯಬಣ್ಣನನ್ನು ಅಂದೇ ಕರೆಸಿ, "ನನ್ನ ಹೆಣಾ ಕಣ್ಣಿಲೆ ನೋಡೂತನಕ ಅವನ ತುಟಿಗೆ ಕತ್ತಿ ಹಚ್ಚಬ್ಯಾಡ" ಎಂದರು. ಮಗನೊಂದಿಗೆ ಮಾತು ಬಿಟ್ಟರು. ಮೀಸೆ ಬೆಳೆಸಿಕೊಂಡೇ ಬಂದ ದಾಮೋದರ ಕಾಲಿಗೆ ಬಿದ್ದರೂ ತುಟಿ ಬಿಚ್ಚಲಿಲ್ಲ. ಪಕ್ಕದಲ್ಲೇ ಊಟಕ್ಕೆ ಕೂತವನಿಗೆ ಪಲ್ಯ ಬೇಕೋ ಬೇಡವೋ ಎಂಬುದನ್ನು ಹೆಂಡತಿಯ ಕಡೆಯಿಂದ ಕೇಳಿಸುತ್ತಿದ್ದರು. ಅಪ್ಪನ ಬಾಯಿಂದ ಒಂದು ಬೈಗಳವಾದರೂ ಬರಲಿ ಎಂದು ಅವನು ಪ್ರತಿ ರಜೆಗೂ ಬಂದು ಕಾಯುತ್ತಿದ್ದ.

ಚಿತ್ರ ಸೊಲ್ಲಾಪುರದ ಒಂದು ತಂಬುವಿನಲ್ಲಿ ಕೆಲವು ದಿನ ನಡೆಯಿತು. ದಾಮೋದರ ತಾಯಿಯ ಕೈಯಲ್ಲಿ ಅಪ್ಪನಿಗೆ ಕರೆ ಹೇಳಿ ಕಳಿಸಿದ್ದ. ರಾಯರು ಒಬ್ಬರೇ ಬಂದು ನೆಲದ ಮೇಲೆ ಕೂತರು. ಪರದೆಯ ಮೇಲೆ ಬೋಳು ತುಟಿಯ ಮಗ ಹೆಣದ ಮೇಲೆ ಬಿದ್ದು ಹೊರಳಾಡಿದ. ಹೆಂಗಸರು ಸೆರಗಿಗೆ ಕಣ್ಣು ಒತ್ತಿಕೊಂಡರು. ಆಟ ಮುಗಿದ ಮೇಲೆ ಬಾಗಿಲಲ್ಲಿ ದಾಮೋದರ ಕೈಕಟ್ಟಿ ನಿಂತಿದ್ದ. ರಾಯರು ಚಪ್ಪಲಿ ಮೆಟ್ಟಿಕೊಂಡರು, ಮಗನ ಮೀಸೆ ನೋಡಿದರು.

"ಛಲೋ ಅತ್ತಿ, ದಾಮೂ. ಅಳೂದು ಮುಗೀತು. ಇನ್ನ ನಾ ಸತ್ತಾಗ ಸುಮ್ಮನ ಕೂಡು."

ಅಷ್ಟೇ. ಆದರೆ ಮುಂದಿನ ರಜೆಯಿಂದ ಪಲ್ಯ ಬೇಕೋ ಬೇಡವೋ ಎಂದು ಮಗನನ್ನೇ ನೇರವಾಗಿ ಕೇಳತೊಡಗಿದರು.

ದಾಮೋದರ ಮತ್ತೆ ಪರದೆಯ ಕಡೆ ಹೋಗಲಿಲ್ಲ. ಗಿರಣಿಯ ಕೆಲಸದಲ್ಲೇ ಉಳಿದ. 1936ರಲ್ಲಿ ರಾಯರು ತೀರಿಕೊಂಡರು. ಸಾಯಬಣ್ಣ ಬಂದವನು ಮೊದಲು ಒಳಗೆ ಹೋಗಿ, ಮುಖದ ಮೇಲಿನ ಬಟ್ಟೆ ಸರಿಸಿ ನೋಡಿ ಬಂದ. ಆಮೇಲೆ ಕತ್ತಿ ಮಸೆದ.

ಮೀಸೆ ಮಡಿಲಿಗೆ ಉದುರುವಾಗ ದಾಮೋದರ ಅಲುಗದೆ ಕೂತಿದ್ದ. ವೇಣೂಬಾಯಿಗೆ ತಡೆಯಲಾಗಲಿಲ್ಲ. ಸಿನಿಮಾದಾಗ ಹೊರಳಾಡಿದವಗ ಹಡೆದಪ್ಪ ಹೋದರ ಒಂದು ಹನಿ ಇಲ್ಲೇನೋ ಎಂದು ಕೇಳಿದಳು.

"ಅದನ್ನ ಅಪ್ಪಾ ಆವತ್ತಽ ನೋಡ್ಯಾರ, ಆತ್ಯಾ," ಎಂದ ದಾಮೋದರ.